ಗಡಗಡಿ ಯಾರಪ್ಪನದು?



ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಓದ್ರಿ.

ಹೋದ ವಾರ ನಾನು ಕೈಯಾಗ ಗಾಳದ ರೀಲು ಹಿಡಕೊಂಡಿದ್ದ ಫೋಟೋ ನೋಡಿ ಮೂರ್ನಾಲ್ಕು ಮಂದಿ ಫೋನ್ ಮಾಡಿದರು. ಒಬ್ಬರು ನಕ್ಕರು. ಒಬ್ಬರು ಬ್ಯಾಸರ ಮಾಡಿಕೊಂಡು ಕೇಳಿದರು: "ಮೀಸಲಾತಿ ಹೋರಾಟ ನಡದೈತಿ, ಪೌರಕಾರ್ಮಿಕರ ಪಗಾರದ ಹೋರಾಟ ನಡದೈತಿ. ನೀವು ಸಾಹೇಬರ ಆಟ ಆಡಕೋತ ಕೆರಿ ದಂಡಿಗೆ ಕುಂತೀರಲ್ಲ?" ಇನ್ನಿಬ್ಬರು ಹುಡುಗರು ಬೇರೆಯದೇ ಕೇಳಿದರು: "ಅಣ್ಣಾ, ಆ ರೀಲು ಹೆಂಗ ಆರಿಸೋದು? ಅಂಗಡ್ಯಾಗ ಕೇಳಿದ್ರ ತಲಿ ತಿರುಗುವಂಗ ಹೇಳ್ತಾರ."

ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಜಾಗದಲ್ಲಿದೆ ಅಂತ ನನಗೆ ಅನ್ನಿಸಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ನಾವು ನೋಡಿದ ಗಾಳದಲ್ಲಿ ಎರೆಹುಳ, ಇಲ್ಲಾ ಹಿಟ್ಟಿನ ಉಂಡಿ ಇರುತ್ತದೆ. ಜೊತೆಗೆ ಒಂದು ಭಾರ. ಆ ಭಾರ ಬೀಸಿದರೆ ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಫಿಶಿಂಗ್ ಅನ್ನುವುದರಲ್ಲಿ ಇದು ಉಲ್ಟಾ. ಕೊಕ್ಕೆಗೆ ಪುಕ್ಕ, ನೂಲು ಕಟ್ಟಿ ನೊಣದ ಹಾಗೆ ಮಾಡಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ದಾರಕ್ಕೆ. ದಪ್ಪನೆಯ ದಾರವನ್ನು ಕೋಲಿನಿಂದ ಹಿಂದಕ್ಕೆ ಮುಂದಕ್ಕೆ ಬೀಸಿ, ಚಾಟಿ ಬಿಚ್ಚಿದಂಗ ಬಿಚ್ಚಿ, ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಆ ದಾರ ಸುತ್ತಿಕೊಂಡಿರುವ ಚಕ್ರವೇ ರೀಲು.

ಅಂದ್ರ ಗಡಗಡಿ. ಬಾವಿ ಮ್ಯಾಲಿನ ಗಡಗಡಿ ನೋಡಿದವರಿಗೆ ರೀಲಿನಲ್ಲಿ ಹೊಸದೇನೂ ಇಲ್ಲ. ಒಂದು ಚಕ್ರ, ನಡುವೆ ಒಂದು ಅಚ್ಚು, ಅದರ ಮೇಲೆ ಹಗ್ಗ.

ಆದರೆ ನಮ್ಮ ಆಯಿ ಗಡಗಡಿ ನೋಡಿದ್ದಳು, ಮುಟ್ಟಿರಲಿಲ್ಲ. ಬಾವಿ ಕಟ್ಟೆಯ ಕೆಳಗೆ ಖಾಲಿ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ಮ್ಯಾಲಿನವರು ಯಾರಾದರೂ ಕರುಣೆ ಬಂದು ಸೇದಿ, ಎತ್ತರದಿಂದ ಸುರಿಯಬೇಕು. "ಗಡಗಡಿ ಸಪ್ಪಳ ಕೇಳಿ ಕೇಳಿ ಕಿವಿ ತುಂಬ್ಯಾವ, ಕೊಡ ತುಂಬಿಲ್ಲ" ಅನ್ನುತ್ತಿದ್ದಳು. ಆಗ ನಮ್ಮ ರೋಣ ಧಾರವಾಡ ಜಿಲ್ಲೆಯಲ್ಲಿತ್ತು, ಮುಂಬೈ ಪ್ರಾಂತ್ಯದ ಆಳ್ವಿಕೆ. ಸಾರ್ವಜನಿಕ ಬಾವಿ, ಕೆರೆಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕು ಅಂತ ಎಸ್.ಕೆ. ಬೋಲೆ ಅವರು ತಂದ ಠರಾವನ್ನು ಮುಂಬೈ ವಿಧಾನ ಪರಿಷತ್ತು 1923ರಲ್ಲೇ ಒಪ್ಪಿತ್ತು. ಕಾಗದದ ಮೇಲಿನ ಆ ಠರಾವನ್ನು ನೀರಿಗೆ ಮುಟ್ಟಿಸಲು ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಗೆ ಇಳಿಯಬೇಕಾಯಿತು. ಆಮೇಲೂ ಹತ್ತು ವರ್ಷ ಕೋರ್ಟಿನಲ್ಲಿ ಕೇಸು ನಡೆದು, 1937ರ ಮಾರ್ಚಿನಲ್ಲಿ ಮುಂಬೈ ಹೈಕೋರ್ಟ್ ತೀರ್ಪು ನಮ್ಮ ಕಡೆ ಬಂತು. ಆಯಿಯ ಬಾವಿಗೆ ಆ ಸುದ್ದಿ ಮುಟ್ಟಲು ಇನ್ನೂ ಎಷ್ಟೋ ವರ್ಷ ಹಿಡೀತು.

ಹಿಂಗಾಗಿ ನನ್ನ ಕೈಯಾಗಿನ ರೀಲು ನನಗೆ ಬರೀ ಆಟದ ಸಾಮಾನಲ್ಲ.

ಇದು ಬಂದದ್ದು ಹೇಗೆ ಅಂದರೆ, ಬೆಂಗಳೂರಿನ ಹಿರಿಯ ಗೆಳೆಯರೊಬ್ಬರು ಮನೆ ಖಾಲಿ ಮಾಡುವಾಗ ಪುಸ್ತಕಗಳ ಜೊತೆಗೆ ಒಂದು ಹಳೇ ಕೋಲು, ರೀಲು ಕೊಟ್ಟರು. ನಮ್ಮ ಅಕ್ಕನ ಮಗ ಡಿಗ್ರಿ ಓದುತ್ತಾನೆ. ಅವನು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಬೀಸುವುದನ್ನು ಕಲಿತ. ಅವನನ್ನು ನೋಡಿ ಕೇರಿಯ ಇನ್ನೂ ನಾಲ್ಕು ಮಕ್ಕಳು ಬಂದರು. ರವಿವಾರ ಮುಂಜಾನೆ ಖಾಲಿ ಬಯಲಿನಲ್ಲಿ ಕೊಕ್ಕೆ ಇಲ್ಲದೆ, ದಾರದ ತುದಿಗೆ ಕೆಂಪು ಉಣ್ಣೆ ಕಟ್ಟಿಕೊಂಡು, ಹುಲ್ಲಿನ ಮೇಲೆ ಬೀಸುವ ಪಾಠ. ಹೊಸದಾಗಿ ಕಲಿಯುವವರಿಗೆ ಇದೇ ಸರಿಯಾದ ದಾರಿ. ಕೊಕ್ಕೆ ಕಟ್ಟಿ ಕಲಿಯಲು ಹೋದರೆ ಮೊದಲ ಮೀನು ನಿಮ್ಮ ಕಿವಿಯೇ ಆಗುತ್ತದೆ.

ಐದು ಮಂದಿಗೆ ಒಂದೇ ರೀಲು ಸಾಲಲಿಲ್ಲ. ಪಟ್ಟಿ ಹಾಕಿ ದುಡ್ಡು ಕೂಡಿಸಿದರು. ಒಬ್ಬಳು ಉಳ್ಳಾಗಡ್ಡಿ ಕೊಯ್ಲಿನ ಕೂಲಿ ತಂದು ಕೊಟ್ಟಳು. ಅಂಥ ದುಡ್ಡಿನಿಂದ ಸಾಮಾನು ತಗೊಳ್ಳುವಾಗ ಮೋಸ ಹೋಗಬಾರದು. ಅದಕ್ಕೇ ನಾನು ಕೂತು ಇದರ ವಿದ್ಯೆ ಕಲಿತೆ. ಕಲಿತದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ರೀಲು ಮಾಡುವ ಕೆಲಸ ಮೂರೇ. ದಾರ ಇಟ್ಟುಕೊಳ್ಳುವುದು, ಕೋಲಿಗೆ ಸಮತೂಕ ಕೊಡುವುದು, ದೊಡ್ಡ ಮೀನು ಓಡುವಾಗ ಬ್ರೇಕ್ ಹಾಕುವುದು. ಬೀಸುವುದರಲ್ಲಿ ರೀಲಿನ ಪಾತ್ರ ಏನೂ ಇಲ್ಲ. ದಾರವನ್ನು ಕೈಯಿಂದಲೇ ಎಳೆದು ಬಿಡುತ್ತೀರಿ, ಸಣ್ಣ ಮೀನು ಬಂದರೆ ಕೈಯಿಂದಲೇ ಎಳೆದುಕೊಳ್ಳುತ್ತೀರಿ. ಅಂಗಡಿಯವರು ಇದನ್ನು ಮೊದಲಿಗೆ ಹೇಳುವುದಿಲ್ಲ. ಹೇಳಿದರೆ ಇಪ್ಪತ್ತು ಸಾವಿರದ ರೀಲು ಹೋಗುವುದಿಲ್ಲ. ನಿಮ್ಮ ಹತ್ತಿರ ಇರುವ ದುಡ್ಡಿನಲ್ಲಿ ಹೆಚ್ಚಿನ ಪಾಲು ಒಳ್ಳೇ ದಾರಕ್ಕೆ ಹಾಕ್ರಿ. ಉಳಿದದ್ದರಲ್ಲಿ ರೀಲು.

ಎರಡನೇ ಮಾತು ನಂಬರು. ರೀಲಿನ ಮೇಲೆ 5/6, 7/8 ಅಂತ ಬರೆದಿರುತ್ತದೆ. ಅದು ದಾರದ ತೂಕದ ನಂಬರು. ದಾರದ ಮೊದಲ 30 ಅಡಿ ಎಷ್ಟು ತೂಗುತ್ತದೆ ಅನ್ನುವುದರ ಮೇಲೆ ಈ ಲೆಕ್ಕ. 5 ನಂಬರಿನ ದಾರ ಸುಮಾರು 9 ಗ್ರಾಂ, 6 ನಂಬರಿನದು ಹತ್ತೂವರೆ ಗ್ರಾಂ ಹತ್ತಿರ, 8 ನಂಬರಿನದು ಹದಿಮೂರೂವರೆ. ಕೋಲು, ದಾರ, ರೀಲು ಮೂರಕ್ಕೂ ಒಂದೇ ನಂಬರು ಕೂಡಬೇಕು. ನಮ್ಮ ಕಡೆ ಕೆರೆಗಳಲ್ಲಿ ಇರುವುದು ರೋಹು, ಕಾಟ್ಲಾ, ಜಿಲೇಬಿ ಮೀನು. ಇವಕ್ಕೆ 6 ನಂಬರು ಬೇಕಾದಷ್ಟಾಯಿತು. ಎರೆ ಸೀಮೆಯ ಗಾಳಿಯಲ್ಲಿ 3-4ರ ಹಗುರ ದಾರ ಬೀಸಲು ಹೊಸಬರಿಗೆ ಆಗುವುದಿಲ್ಲ. 6ನೇ ನಂಬರಿನ ಕೋಲಿಗೆ 5/6 ಅಥವಾ 6/7 ಬರೆದಿರುವ ರೀಲು ತಗೊಂಡರೆ ಸಾಕು.

ಮೂರನೆಯದು ಬ್ರೇಕು, ಅವರ ಭಾಷೆಯಲ್ಲಿ ಡ್ರ್ಯಾಗ್. ಎರಡು ನಮೂನೆ ಇವೆ. ಹಳೇದು, ಹಲ್ಲಿನ ಚಕ್ರಕ್ಕೆ ಒಂದು ನಾಲಿಗೆ ತಾಗಿ ಟರ್ ಟರ್ ಅನ್ನುವುದು. ದಾರ ತಾನೇ ಬಿಚ್ಚಿಕೊಂಡು ಗೋಜಲಾಗದಷ್ಟು ಮಾತ್ರ ತಡೆಯುತ್ತದೆ. ಉಳಿದ ಬ್ರೇಕು ನಿಮ್ಮ ಅಂಗೈ. ರೀಲಿನ ಹೊರ ಅಂಚಿಗೆ ಅಂಗೈ ಒತ್ತಿ ತಡೀಬೇಕು. ಇನ್ನೊಂದು, ಬಿಲ್ಲೆಗಳು ಒಂದಕ್ಕೊಂದು ಒತ್ತಿ ತಡೆಯುವ ಡಿಸ್ಕ್ ನಮೂನೆ. ಬೈಕಿನ ಡಿಸ್ಕ್ ಬ್ರೇಕ್ ನೆನಪಿಸಿಕೊಳ್ಳಿ. ಒಂದು ತಿರುಪು ತಿರುಗಿಸಿ ಬಿಗಿ, ಸಡಿಲ ಮಾಡಬಹುದು. ಸಣ್ಣ ಮೀನಿಗೆ ಹಳೇದೇ ಸಾಕು. ಎರಡು ಕಿಲೋ ದಾಟಿದ ರೋಹು ಓಡಿದರೆ ಡಿಸ್ಕ್ ಇದ್ದರೆ ಛಲೋ.

ಅಂಗಡಿಯಲ್ಲಿ ಪರೀಕ್ಷೆ ಹೀಗೆ ಮಾಡ್ರಿ. ತಿರುಪನ್ನು ಅರ್ಧ ಬಿಗಿ ಮಾಡಿ, ದಾರ ಮೆಲ್ಲಗೆ ಎಳೀರಿ, ಆಮೇಲೆ ಜೋರಾಗಿ. ಹೊರಡುವಾಗ ಜರ್ಕ್ ಹೊಡೆದು ಆಮೇಲೆ ಸಡಿಲ ಬಿಡುವ ರೀಲು ಬ್ಯಾಡ. ಮೀನಿನ ಮೊದಲ ಜಿಗಿತದಲ್ಲೇ ಸಣ್ಣ ನೂಲು ಹರಿಯುತ್ತದೆ. ಬಹಳ ಬಿಗಿ ಹಿಡಿದರೆ ಹರಿಯುತ್ತದೆ, ಬಹಳ ಬಿಟ್ಟರೆ ಗೋಜಲಾಗುತ್ತದೆ. ಸಂಘಟನೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ಚಕ್ರದ ನಡುವಿನ ಗುಂಬ. ಅದು ಸಣ್ಣದಿದ್ದರೆ ದಾರ ಸಣ್ಣ ಸುರುಳಿಯಾಗಿ ಸುತ್ತಿಕೊಂಡು ಸ್ಪ್ರಿಂಗಿನ ಹಾಗೆ ಗುಂಡಿ ಗುಂಡಿ ಬರುತ್ತದೆ. ದೊಡ್ಡದಿದ್ದರೆ ನೆಟ್ಟಗೆ ಬರುತ್ತದೆ, ಬೇಗ ಸುತ್ತುತ್ತದೆ. ಫ್ಲೈ ರೀಲಿನಲ್ಲಿ ಸಾಮಾನ್ಯವಾಗಿ ಹಲ್ಲಿನ ಗೇರ್ ಇರುವುದಿಲ್ಲ, ಹಿಡಿಕೆ ಒಂದು ಸುತ್ತಿದರೆ ಚಕ್ರವೂ ಒಂದೇ ಸುತ್ತು. ಸುತ್ತಿದ ದಾರದ ಅಡ್ಡಳತೆ 5 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ ಸುಮಾರು 16 ಸೆಂ.ಮೀ. ದಾರ ಬರುತ್ತದೆ. 8 ಸೆಂ.ಮೀ. ಇದ್ದರೆ 25. ಮೀನು ನಿಮ್ಮ ಕಡೆಗೇ ತಿರುಗಿ ಓಡಿ ಬಂದಾಗ 20 ಮೀಟರ್ ಸಡಿಲ ದಾರ ಸುತ್ತಬೇಕಾದರೆ ಒಂದರಲ್ಲಿ ನೂರಾ ಇಪ್ಪತ್ತೈದು ಸುತ್ತು, ಇನ್ನೊಂದರಲ್ಲಿ ಎಂಬತ್ತು. ಈ ಲೆಕ್ಕವನ್ನು ಒಂಬತ್ತನೇ ಇಯತ್ತೆಯ ಹುಡುಗಿ ಪೈ ಹಾಕಿ ಮಾಡಿ ತೋರಿಸಿದಳು. ಗಣಿತದಾಗ ಆಕೆಗೆ ಮಾರ್ಕ್ಸ್ ಬರಲ್ಲ ಅಂತ ಶಾಲೆಯಲ್ಲಿ ಹೇಳುತ್ತಾರಂತೆ.

ಅದೇ ಹುಡುಗಿ ಎಡಚಿ. ಉಣ್ಣುವಾಗ, ಬರೆಯುವಾಗ ಎಡಗೈ ಅಂತ ಬೈಸಿಕೊಂಡವಳು. ಐದನೇ ಮಾತು ಆಕೆಯಿಂದಲೇ ಬಂತು: ಹಿಡಿಕೆ ಎರಡೂ ಕಡೆಗೆ ಬದಲಿಸಲು ಬರಬೇಕು. ಬಹಳಷ್ಟು ರೀಲುಗಳಲ್ಲಿ ಒಳಗಿನ ಬೇರಿಂಗ್ ತಿರುವಿ ಹಾಕಿದರೆ ಎಡಗೈ ರೀಲು ಬಲಗೈ ಆಗುತ್ತದೆ. ಹಂಚಿಕೊಂಡು ಬಳಸುವವರು ಇದನ್ನು ಮೊದಲು ಕೇಳ್ರಿ. ರೀಲಿಗೆ ಎಡ ಅಂದರೆ ಅಪಶಕುನ ಅಲ್ಲ. ಎಡ, ಬಲ ಎರಡೂ ಅದಕ್ಕೆ ಒಂದೇ.

ಇನ್ನು ಸಣ್ಣ ಸಣ್ಣ ಮಾತು. ಚಕ್ರಕ್ಕೂ ಹೊರಗಿನ ಚೌಕಟ್ಟಿಗೂ ನಡುವೆ ಸಂದು ಕಾಣಬಾರದು, ನೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ ರೀಲು ಅಗ್ಗ, ಕಲ್ಲಿನ ಮೇಲೆ ಬಿದ್ದರೆ ಒಡೆಯಬಹುದು. ಗಟ್ಟಿ ಅಲ್ಯೂಮಿನಿಯಂ ಕೊರೆದು ಮಾಡಿದ್ದು ತುಟ್ಟಿ, ಬಾಳಿಕೆ ಹೆಚ್ಚು. ಎರಡು-ಮೂರು ಸಾವಿರದೊಳಗಿನ ಎರಕದ ರೀಲು ಕಲಿಯಲು ಸಾಕು, ಕೈಯಿಂದ ಬೀಳಿಸಬ್ಯಾಡ್ರಿ ಅಷ್ಟೇ. ರೀಲು ಕೋಲಿಗೆ ಹಾಕಿ, ಹಿಡಿಕೆಯ ಮುಂದಿನ ಭಾಗವನ್ನು ಒಂದು ಬೆರಳ ಮೇಲೆ ಇಟ್ಟು ನೋಡ್ರಿ. ತಕ್ಕಡಿ ನಿಂತಂಗ ನಿಂತರೆ ಜೋಡಿ ಸರಿ. ಮುಖ್ಯ ದಾರದ ಕೆಳಗೆ ತೆಳ್ಳನೆಯ ಡೇಕ್ರಾನ್ ನೂಲು, 20 ಪೌಂಡ್ ತಾಕತ್ತಿನದು, ಐವತ್ತರಿಂದ ನೂರು ಗಜ ಸುತ್ತಿರಬೇಕು. ಮೀನು ಇಡೀ ದಾರ ಎಳೆದುಕೊಂಡು ಹೋದರೆ ಅದೇ ಆಸರೆ, ಜೊತೆಗೆ ಅದು ಗುಂಬವನ್ನೂ ದಪ್ಪ ಮಾಡುತ್ತದೆ. ಅಂಚಿನವರೆಗೆ ತುಂಬಬ್ಯಾಡ್ರಿ, ಅರ್ಧ ಸೆಂ.ಮೀ. ಖಾಲಿ ಇರಲಿ.

ನಮ್ಮ ಎರೆ ಮಣ್ಣು ರೀಲಿಗೆ ದೊಡ್ಡ ವೈರಿ. ಹಸಿ ಇದ್ದಾಗ ಅಂಟು, ಒಣಗಿದರೆ ಸಿಮೆಂಟು. ಕೆರೆಯಿಂದ ಬಂದ ಕೂಡಲೇ ಚಕ್ರ ಬಿಚ್ಚಿ ತಿಳಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬ್ರೇಕ್ ಪೂರಾ ಸಡಿಲ ಮಾಡಿ ಇಡ್ರಿ. ಬಿಗಿ ಇಟ್ಟರೆ ಒಳಗಿನ ಬಿಲ್ಲೆ ಒಂದಕ್ಕೊಂದು ಹತ್ತಿಕೊಳ್ಳುತ್ತವೆ.

ಇಷ್ಟೇ ವಿದ್ಯೆ. ಒಂದು ಸಂಜೆಯಲ್ಲಿ ತಿಳಿಯುವಂಥದ್ದು. ಆದರೂ ಇದು ನೂರೈವತ್ತು ವರ್ಷ ಕ್ಲಬ್ಬುಗಳ ಒಳಗೇ ಸುತ್ತಿತು. ಗಾಳದ ರೀಲಿನ ಅತ್ಯಂತ ಹಳೆಯ ಚಿತ್ರ ಸಿಗುವುದು ಚೀನಾದಲ್ಲಿ, ಸುಮಾರು 1195ರಲ್ಲಿ ಮಾ ಯುವಾನ್ ಬರೆದದ್ದು. ಒಂಟಿ ದೋಣಿ, ಒಬ್ಬ ಬೆಸ್ತ, ಕೈಯಲ್ಲಿ ಚಕ್ರ. ಅಮೆರಿಕದ ಚಾರ್ಲ್ಸ್ ಆರ್ವಿಸ್ 1874ರಲ್ಲಿ ತೂತು ಕೊರೆದ ಹಗುರ ರೀಲಿಗೆ ಪೇಟೆಂಟ್ ಪಡೆದ. ಅದರ ಹಿಂದಿನ ವರ್ಷ, 1873ರಲ್ಲಿ, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಮಂಗಳೂರಿನಲ್ಲಿ ಅಚ್ಚಾಯಿತು. ಅಂದರೆ ಭಾರತದ ಗಾಳದ ಆಟದ ಆ ಹೆಸರುವಾಸಿ ಪುಸ್ತಕ ನಮ್ಮ ಕನ್ನಡ ನೆಲದಲ್ಲೇ ಹುಟ್ಟಿತು, ಇಂಗ್ಲಿಷಿನಲ್ಲಿ, ಸಾಹೇಬರಿಗಾಗಿ.

1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಾಶೀರ್ ಹಿಡಿದದ್ದು ಇವತ್ತಿಗೂ ಮಾತಾಗುವ ದಾಖಲೆ. ಆ ಮನೆತನದ ಕಸುಬು ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದ ಮಾಡಿ ಜೀವಂತ ಇದ್ದಂತೆ ನಿಲ್ಲಿಸುವುದು. ಅವರ ಕೈಚಳಕ ದೊಡ್ಡದೇ, ಅದಕ್ಕೆ ನನ್ನ ತಕರಾರಿಲ್ಲ. ಅರಮನೆಗಳು ಅವರನ್ನು ಕರೆಸಿ ಗೌರವಿಸಿದವು. ನಮ್ಮ ಮುತ್ಯಾನೂ ಚರ್ಮ ಹದ ಮಾಡುತ್ತಿದ್ದ, ಸತ್ತ ಎಮ್ಮೆಯದು. ಅವನು ಹೊಲಿದ ಮಿಣಿ, ಬಾರುಕೋಲು, ಕೆರ ಊರಿಗೆಲ್ಲ ಬೇಕಿತ್ತು. ಅವನು ಮಾತ್ರ ಊರಿಗೆ ಬ್ಯಾಡಾಗಿದ್ದ. ಸತ್ತ ಹುಲಿ ಮುಟ್ಟಿದವರು ಕಲಾವಿದರು, ಸತ್ತ ಎಮ್ಮೆ ಮುಟ್ಟಿದವರು ಮೈಲಿಗೆ. ಚರ್ಮ ಒಂದೇ, ಹದ ಒಂದೇ.

ಕಾವೇರಿಯ ಭೀಮೇಶ್ವರಿ, ಗಾಲಿಬೋರೆಯ ಗಾಳದ ಕ್ಯಾಂಪುಗಳ ಕಥೆಯೂ ಹೀಗೇ ಇತ್ತು. ದೇಶ ವಿದೇಶದವರು ಅಲ್ಲಿಗೆ ಮಾಶೀರ್ ಹಿಡಿದು ಬಿಡಲು ಬರುತ್ತಿದ್ದರು. ತುಟ್ಟಿ ರೀಲು ಅವರದು. ಆ ರೀಲಿನ ತುದಿಗೆ ಕಟ್ಟುತ್ತಿದ್ದದ್ದು ಏನು ಗೊತ್ತೇನ್ರಿ? ಬಹಳ ಸಲ ರಾಗಿ ಮುದ್ದೆ! ಅದನ್ನು ಹದವಾಗಿ ಬೇಯಿಸಿ, ಕೊಕ್ಕೆಗೆ ಕಟ್ಟಿ, ಹರಿಗೋಲು ನಡೆಸಿ, ಮೀನು ಯಾವ ಬಂಡೆ ಮರೆಗೆ ಇದೆ ಅಂತ ತೋರಿಸುತ್ತಿದ್ದವರು ಅಲ್ಲಿನ ಹಳ್ಳಿಯವರು. ಫೋಟೋದ ಕೆಳಗೆ ಬಹಳ ಸಲ ರೀಲು ತಿರುಗಿಸಿದವರ ಹೆಸರಿರುತ್ತದೆ, ರಾಗಿ ಬೇಯಿಸಿದವರ ಹೆಸರನ್ನು ಹುಡುಕಬೇಕು. ಆ ಡುಬ್ಬದ ಮಾಶೀರ್ ಈಗ ಅಳಿವಿನ ತೀರಾ ಅಂಚಿನಲ್ಲಿದೆ ಅಂತ 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿದೆ. ಹೊಸದಾಗಿ ಕಲಿಯುವವರು ಅದರ ಕನಸು ಕಾಣುವುದು ಬ್ಯಾಡ. ನಮಗೆ ನಮ್ಮ ಕೆರೆಯ ಜಿಲೇಬಿ ಸಾಕು.

ಈಗ ಕೆರೆಯ ಮಾತು. ಹೋದ ಮಳೆಗಾಲ ನಮ್ಮ ಮಕ್ಕಳು ಒಂದೂರಿನ ಕೆರೆ ಏರಿ ಮೇಲೆ ಕೋಲು ಹಿಡಿದು ನಿಂತಾಗ ನಾಲ್ಕು ಮಂದಿ ಬಂದು ಕೇಳಿದ ಮೊದಲ ಪ್ರಶ್ನೆ "ಏನು ಮಾಡಾಕತ್ತೀರಿ" ಅಲ್ಲ. "ಯಾರ ಪೈಕಿ?" ಅನ್ನುವುದು. ಹೇಳಿದ ಮೇಲೆ, "ಕೆಳಗಿಳೀರಿ, ಇದು ಕುಡಿಯೋ ನೀರು" ಅಂದರು. ಅದೇ ನೀರಿನಲ್ಲಿ ಅವತ್ತು ಎಮ್ಮೆ ಮೈ ತೊಳೆಯುತ್ತಿದ್ದವು.

ನಾವು ಜಗಳಕ್ಕೆ ಹೋಗಲಿಲ್ಲ, ಕಾಗದ ತಗೊಂಡು ಹೋದೆವು. ಸಂವಿಧಾನದ 15ನೇ ವಿಧಿಯ 2ನೇ ಭಾಗ ಬಾವಿ, ಕೆರೆ, ಸ್ನಾನಘಟ್ಟದ ಹೆಸರು ಹಿಡಿದೇ ಹೇಳುತ್ತದೆ. ಹೊಳೆ, ಹಳ್ಳ, ಕೆರೆ, ಬಾವಿ ಬಳಸದಂತೆ ನಮ್ಮನ್ನು ತಡೆಯುವುದು 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪರಾಧ. ಇದನ್ನು ಕನ್ನಡದಲ್ಲಿ ಬರೆದು ಓದಿ ಹೇಳಿದೆವು. ಇನ್ನೊಂದು ಕೆಲಸವನ್ನೂ ಮಾಡಿದೆವು, ಇದನ್ನು ನೀವೂ ಮರೀಬ್ಯಾಡ್ರಿ. ನೀರಿನ ಹಕ್ಕು ಬೇರೆ, ಮೀನಿನ ಹಕ್ಕು ಬೇರೆ. ಕೆರೆಯ ಮೀನು ಗುತ್ತಿಗೆಗೆ ಹೋಗಿರುತ್ತದೆ. ಮರಿ ತಂದು ಬಿಟ್ಟವರು ಮೀನುಗಾರರ ಸಂಘದವರು, ಅವರೂ ದುಡಿದು ಉಣ್ಣುವವರೇ. ಅವರನ್ನು ಕೇಳದೆ ಕೊಕ್ಕೆ ಹಾಕುವುದು ಕಳವು. ನಾವು ಹೋಗಿ ಕೇಳಿದೆವು. ಹಿರಿಯರೊಬ್ಬರು ರೀಲು ಕೈಗೆ ತಗೊಂಡು, ಟರ್ ಅನ್ನಿಸಿ ನೋಡಿ, ನಕ್ಕು ಹೇಳಿದರು: "ಹಿಡದು ಬಿಡೋದಾದ್ರ ಹಿಡೀರಿ. ಅಗಸಿ ಕಡೆ ಬ್ಯಾಡ, ಜಾಲಿ ಗಿಡದ ನೆರಳಾಗ ಮೀನು ನಿಂದ್ರತಾವ." ಅಂಗಡಿಯವರು ಹೇಳದ ಪಾಠ ಅದು, ದುಡ್ಡೂ ಇಲ್ಲ.

ಈಗ ಮಕ್ಕಳು ರವಿವಾರ ಹೋಗುತ್ತಾರೆ. ಏರಿ ಮೇಲಿನವರು ನೋಡುತ್ತಾರೆ, ಮಾತಾಡಿಸುವುದಿಲ್ಲ. ಕೆಳಗಿಳೀರಿ ಅಂತಲೂ ಅನ್ನುವುದಿಲ್ಲ. ಸದ್ಯಕ್ಕೆ ಗೆದ್ದದ್ದು ಇಷ್ಟೇ.

ನಮ್ಮ ಅವ್ವನ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ. "ಬಿಡಾಕಾದ್ರ ಯಾಕ ಹಿಡೀತೀರಿ? ಸಾರು ಮಾಡಿದ್ರ ನಾಕು ಮಂದಿ ಉಣ್ತಿದ್ರು." ಅವ್ವನ ಮಾತಿಗೆ ನಾನು ತಕರಾರು ಮಾಡುವುದಿಲ್ಲ, ಸಾರು ನನಗೂ ಬೇಕು. ಆದರೆ ಒಂದು ಯೋಚನೆ ಬಿಡುತ್ತಿಲ್ಲ. ನೀರಿನ ದಂಡೆಗೆ ನಮ್ಮವರು ಯಾವಾಗ ಹೋದರು? ಬಟ್ಟೆ ಒಗೆಯಲು, ಹೂಳು ಎತ್ತಲು, ಸತ್ತ ದನ ಎಳೆಯಲು. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು ಕಡೆಯ ಊರಿಗೆ ನುಗ್ಗಿದಾಗ ಮನೆಯ ಕೆಸರು ಬಳಿಯಲು. ಸುಮ್ಮನೆ ಹೋಗಿ, ಏನೂ ಬೇಕಿಲ್ಲದೆ, ನೆರಳಲ್ಲಿ ನಿಂತು ನೀರು ನೋಡಿದವರು ನಮ್ಮ ಮನೆತನದಾಗ ಯಾರಿದ್ದರು? ನನಗೆ ಒಂದು ಹೆಸರೂ ನೆನಪಾಗುತ್ತಿಲ್ಲ. ಪಗಾರಕ್ಕೆ ಹೋರಾಡುವುದು ಉಣ್ಣಲಿಕ್ಕೆ. ಉಂಡ ಮೇಲೆ ಒಂದು ರವಿವಾರ ಮನುಷ್ಯರಂಗ ಕೂಡುವುದು ಬ್ಯಾಡೇನು? ಪುರುಸೊತ್ತು ಕೂಡ ಇಲ್ಲಿ ಜಾತಿ ನೋಡಿಯೇ ಹಂಚಿಕೆಯಾಗಿದೆ. ಫೋನ್ ಮಾಡಿದ ಗೆಳೆಯರಿಗೆ ನನ್ನ ಉತ್ತರ ಇದು. ಹೋರಾಟ ಬಿಟ್ಟು ನಾನು ಕೆರೆಗೆ ಹೋಗಿಲ್ಲ. ಹೋರಾಟವೇ ನಮ್ಮನ್ನು ಕೆರೆಯವರೆಗೂ ತಂದಿದೆ.

ಯಾರ ಮನೆಯ ಅಟ್ಟದ ಮೇಲಾದರೂ ಹಳೇ ರೀಲು ತುಕ್ಕು ಹಿಡಿಯುತ್ತಾ ಬಿದ್ದಿದ್ದರೆ ಗುಜರಿಗೆ ಹಾಕಬ್ಯಾಡ್ರಿ. ನಿಮ್ಮ ಕೇರಿಯ ಮಕ್ಕಳ ಕೈಗೆ ಕೊಡ್ರಿ. ಚಕ್ರ ಬಿಚ್ಚಿ, ತೊಳೆದು, ಅಚ್ಚಿಗೆ ಒಂದು ಹನಿ ಎಣ್ಣೆ ಬಿಟ್ಟು, ದಾರ ಎಳೆದು ನೋಡ್ರಿ. ತಿರುಗಿದರೆ ಸಾಕು, ಉಳಿದದ್ದನ್ನು ಅವರೇ ಕಲೀತಾರ.

ಜೈ ಭೀಮ್.